ಎರಡು ಗಳಿಗೆ

ನೋಟೀಸು ನಾನೇ ಬರೆದಿದ್ದೆ, ದುಂಡಗೆ:
ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ
ಪಾಲಕರ ಸಭೆ. ತಪ್ಪದೆ ಬರತಕ್ಕದ್ದು.
‘ತಪ್ಪದೆ’ಯ ಕೆಳಗೆ ಕೆಂಪು ಗೆರೆ.

ನಲವತ್ತು ಕುರ್ಚಿ, ಪಂಚಾಯ್ತಿಯಿಂದ ಕಡ ತಂದದ್ದು.
ಬಂದವರು ಮೂವರು:
ಸೊಸೈಟಿಯ ಕಾರಕೂನ,
ದೋಣಿ ಮಾರಿ ಮನೆಯಲ್ಲಿ ಕೂತ ಬುದವಂತ ಅಂಬಿಗ,
ಮತ್ತೆ ನೆರಳಿಗೆಂದು ಒಳಹೊಕ್ಕ ಒಂದು ಕರು.

ಅವಲಕ್ಕಿ ಉಳಿಯಿತು.
ಹೆಡ್ಮಾಸ್ತರು ಕನ್ನಡಕ ಒರೆಸುತ್ತ ಅಂದರು,
‘ಈ ಊರಿಗೆ ಹೈಸ್ಕೂಲು ಬೇಕಾಗಿಲ್ಲ, ಬಿಡಿ.’
ನಾನೂ ಹೂಂಗುಟ್ಟಿದೆ.
ಹಾವೇರಿಯ ಎರೆಮಣ್ಣಿನವಳು ನಾನು.
ನಮ್ಮ ಕಡೆ ನೀರು ಬಂದರೆ ಬಂತು, ಹೋದರೆ ಹೋಯಿತು;
ದಿನಕ್ಕೆರಡು ಸಲ ಬಂದು ಹೋಗುವ ನೀರನ್ನು
ನಾನಿನ್ನೂ ನಂಬಿರಲಿಲ್ಲ.

ಹೊರಗೆ ಬಂದೆ. ಅಘನಾಶಿನಿ
ತಳ ತೋರಿಸಿ ಮಲಗಿತ್ತು.
ಅದರ ಕೆಸರಲ್ಲಿ, ಮೊಣಕಾಲುದ್ದ,
ನನ್ನ ಪಾಲಕರ ಸಭೆ ತುಂಬಿ ನಡೆದಿತ್ತು!
ಬಾಗಿದ ಬೆನ್ನು, ಎತ್ತಿ ಕಟ್ಟಿದ ಸೀರೆ,
ಕಾಲ್ಬೆರಳಲ್ಲೇ ಬಳಚು ತಡವಿ ತಡವಿ
ಬುಟ್ಟಿಗೆ ಹಾಕುತ್ತಿದ್ದರು.
ಹತ್ತನೇ ತರಗತಿಯ ಅರ್ಧ ಹಾಜರಿಯೂ
ಅಲ್ಲೇ ಇತ್ತು.

ನನ್ನ ಕಂಡು ಮಾದೇವಿ ಅಮ್ಮನ ಹಿಂದೆ ಅಡಗಿದಳು.
ಅಮ್ಮ ಅಡಗಲಿಲ್ಲ. ಗಿರಿಜಿ ಹರಿಕಂತ್ರ
ಸೊಂಟ ನೆಟ್ಟಗೆ ಮಾಡಿ ಅಂದಳು,
‘ಇವತ್ತು ಸಪ್ತಮಿ, ಅಕ್ಕೋರೇ.
ಹತ್ತೂವರೆಗೆ ಇಳ್ತ. ಹನ್ನೊಂದಕ್ಕೆ ಯಾರು ಬತ್ರು?
ದಿನಾ ಎರಡು ಗಳಿಗೆ ಹಿಂದೆ ಬೀಳ್ತದೆ ನೀರು,
ನಿಮ್ಮ ಗಡಿಯಾರ ಬೀಳೂದಿಲ್ಲ.
ಅದ್ಕೇ ಈ ಪಂಚಾತಿಕೆ.’

ಎರಡು ಗಳಿಗೆ ಎಂದರೆ ನಲವತ್ತೆಂಟು ನಿಮಿಷ.
ಸೋಮವಾರ ಕರಿಹಲಗೆಯ ಮೇಲೆ ಬರೆದೆ:
ಸಮಾಂತರ ಶ್ರೇಢಿ.
ಮೊದಲ ಪದ, ಅಮಾವಾಸ್ಯೆಯ ನಸುಕು, ನಾಲ್ಕೂ ಮುಕ್ಕಾಲು.
ಸಾಮಾನ್ಯ ವ್ಯತ್ಯಾಸ, ನಲವತ್ತೆಂಟು.
ಎಂಟನೆಯ ಪದ ಕಂಡುಹಿಡಿಯಿರಿ.
ಜೂನಿನಿಂದ ತೂಕಡಿಸುತ್ತಿದ್ದ ಹಿಂದಿನ ಬೆಂಚು
ಪೆನ್ನು ಮುಟ್ಟದೆ ಉತ್ತರ ಹೇಳಿತು.
ಮಾದೇವಿ ಎದ್ದು ತಿದ್ದಿದಳು ಕೂಡ:
‘ಅದು ತದಡಿಯ ಲೆಕ್ಕ ಅಕ್ಕೋರೇ,
ನಮ್ಮ ಕುರ್ವೆಗೆ ಮುಟ್ಟೂಕೆ ಇನ್ನೊಂದು ಹತ್ತು ನಿಮಿಷ.’

ಮುಂದಿನ ಸಭೆ ಹುಣ್ಣಿಮೆಗೆ.
ಗಂಟೆ ಅದೇ ಹನ್ನೊಂದು.
ಭಾನುವಾರವೆಂದು ಹೆಡ್ಮಾಸ್ತರು ಗೊಣಗಿದರು, ಬಂದರು.
ಹೊಳೆ ಕಟ್ಟೆಯ ಕಂಠದವರೆಗೆ ತುಂಬಿ
ಕೆಸರಿಗೆ ರಜೆ.
ಕುರ್ಚಿ ಸಾಲದೆ ತಾಯಂದಿರು
ಮಕ್ಕಳ ಬೆಂಚುಗಳಲ್ಲಿ ಇಕ್ಕಟ್ಟಾಗಿ ಕೂತು
ಕೈವಾರದಲ್ಲಿ ಕೆತ್ತಿದ ಹೆಸರುಗಳನ್ನು
ಬೆರಳಾಡಿಸಿ ನೋಡಿದರು.

‘ಮಾದೇವಿಗೆ ಲೆಕ್ಕದಲ್ಲಿ ಮೂವತ್ತೊಂದು’ ಅಂದೆ.
‘ಪಾಸಿಗೆ?’
‘ಮೂವತ್ತೈದು.’
‘ನಾಲ್ಕೇ?’ ಅಂದಳು ಗಿರಿಜಿ.
‘ನೂರು ಬಳಚಿಗೆ ನಾಲ್ಕು ಕೊಸರು ಹಾಕ್ತೆ ನಾನು,
ಕೇಳದಿದ್ರೂ. ನೀವು ಹಾಕೂದಿಲ್ವಾ?’

ಕೋಣೆಗೆ ಕೋಣೆಯೇ ನಕ್ಕಿತು. ನನಗೂ ತಡೆಯಲಾಗಲಿಲ್ಲ.
ಕೊಸರು ಅಂಕದಲ್ಲಿ ಹಾಕಲಾರೆ, ಹೊತ್ತಿನಲ್ಲಿ ಹಾಕಬಲ್ಲೆ ಅಂದೆ,
ನೀರು ತುಂಬಿದ ಸಂಜೆಗಳಲ್ಲಿ ಒಂದೊಂದು ತಾಸು.
ಕುರ್ವೆಯ ಮಕ್ಕಳು ಕತ್ತಲಲ್ಲಿ ದಾಟುವುದು ಹೇಗೆ?
ಎಲ್ಲರೂ ಎಲ್ಲರನ್ನೂ ನೋಡಿದರು.
ಕೊನೆಯ ಬೆಂಚಿನಿಂದ ಬುದವಂತ ಎದ್ದ:
‘ದೋಣಿ ಮಾರಿದ್ದು ಹೌದು,
ಹುಟ್ಟು ಮಾರ್ಲಿಲ್ಲ.
ಯಾರಾದ್ರೂ ಒಂದು ದೋಣಿ ಕೊಡಿ.’

ಮಾದೇವಿ ಪಾಸಾದಳೋ ಎಂದು ಕೇಳಬೇಡಿ,
ಪರೀಕ್ಷೆ ಇನ್ನೂ ಮಾರ್ಚಿಗೆ.

ಮೊನ್ನೆ ಕುಮಟೆಯಿಂದ ಸಾಹೇಬರು ಬಂದಿದ್ದರು.
ದಿನಚರಿ ಓದಿ ಹುಬ್ಬೇರಿಸಿದರು:
‘ವಿಶೇಷ ತರಗತಿ, ನೀರು ತುಂಬಿದ ಮೇಲೆ.
ಇದೆಂಥ ವೇಳಾಪಟ್ಟಿ?’
ಕಿಟಕಿ ತೋರಿಸಿದೆ.
ಇಳಿತದ ಹೊತ್ತು. ಅವರಿಗೆ ಕಂಡದ್ದು
ಬರೀ ಕೆಸರು.
ಕುರ್ಚಿ ಎಳೆದುಕೊಟ್ಟು
ಸ್ವಲ್ಪ ಕೂತಿರಿ, ಅಂದೆ.